ಹೊಸ್ತಿಲು ದಾಟಿ ನಿಂತ ಲಿಪಿಕಾರ

ಮನುಷ್ಯನ ಯಕೃತ್ತಿನ ಜೀವಕೋಶದಲ್ಲಿರುವ ಡಿಎನ್‌ಎಯೇ ಅವನ ಮಿದುಳಿನ ಜೀವಕೋಶದಲ್ಲೂ ಇದೆ. ಸುಮಾರು 300 ಕೋಟಿ ಅಕ್ಷರಗಳ ಅದೇ ಗ್ರಂಥ; ಪ್ರೊಟೀನು ತಯಾರಿಗೆ ಸೂಚನೆ ಕೊಡುವ ಅದೇ ಸುಮಾರು 20 ಸಾವಿರ ಜೀನುಗಳು. ಆದರೂ ಒಂದು ಪಿತ್ತರಸ ತಯಾರಿಸುತ್ತದೆ, ಇನ್ನೊಂದು ನೆನಪನ್ನು ಕಾಪಾಡುತ್ತದೆ. ಗ್ರಂಥ ಒಂದೇ, ಓದುವ ಪುಟಗಳು ಬೇರೆ. ಯಾವ ಪುಟವನ್ನು ಯಾವಾಗ ಓದಬೇಕೆಂಬುದು ತೀರ್ಮಾನವಾಗುವುದು ಎಲ್ಲಿ? ಇಪ್ಪತ್ತನೆಯ ಶತಮಾನದ ಜೀವವಿಜ್ಞಾನ ಈ ಪ್ರಶ್ನೆಗೆ ಮೊದಲು ಒಂದು ಸೊಗಸಾದ ಉತ್ತರ ಕೊಟ್ಟಿತು. ಅದು ಅರ್ಧ ಉತ್ತರ ಮಾತ್ರ ಎಂಬುದು ಎಲ್ಲರಿಗೂ ಮನವರಿಕೆಯಾಗಲು ಮತ್ತೆ ನಾಲ್ಕು ದಶಕಗಳೇ ಬೇಕಾದವು. ಉಳಿದರ್ಧ ಉತ್ತರದ ಬೆನ್ನು ಹತ್ತಿದವರ ಕಥೆಯಲ್ಲಿ ಒಂದು ಸೂಕ್ಷ್ಮಜೀವಿ, ಒಂದು ನೊಣ, ಏಡ್ಸ್ ವೈರಸ್ಸು ಮತ್ತು ಭಾರತದ ಕಾಡಿನ ಒಂದು ಮರ ಹೀಗೆ ಹಲವು ಪಾತ್ರಗಳಿವೆ.

ಮೊದಲ ಉತ್ತರ ಬಂದದ್ದು 1961ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಿಂದ. ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಎಂಬ ವಿಜ್ಞಾನಿಗಳು ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯವನ್ನು ಅಭ್ಯಸಿಸುತ್ತಿದ್ದರು. ಹಾಲಿನ ಸಕ್ಕರೆ ಸಿಕ್ಕಾಗ ಮಾತ್ರ ಅದನ್ನು ಅರಗಿಸುವ ಕಿಣ್ವಗಳನ್ನು ಈ ಜೀವಿ ತಯಾರಿಸುತ್ತದೆ, ಇಲ್ಲದಿದ್ದರೆ ಇಲ್ಲ. ಏಕೆ? ಆ ಜೀನುಗಳ ಬಾಗಿಲಲ್ಲೇ ಒಂದು ತಡೆ ಪ್ರೊಟೀನು ಕಾವಲು ಕೂತಿರುತ್ತದೆ. ಸಕ್ಕರೆ ಬಂದಾಗ ಕಾವಲುಗಾರ ಎದ್ದು ಹೋಗುತ್ತಾನೆ, ಬಾಗಿಲು ತೆರೆಯುತ್ತದೆ ಎಂದು ಅವರು ವಿವರಿಸಿದರು. ‘ಓಪೆರಾನ್’ ಎಂಬ ಹೆಸರಿನ ಈ ವಿವರಣೆ ಅವರಿಗೆ 1965ರಲ್ಲಿ ಆಂದ್ರೆ ಲ್ವಾಫ್ ಜೊತೆ ನೊಬೆಲ್ ಪುರಸ್ಕಾರ ತಂದುಕೊಟ್ಟಿತು. ಜೀನಿನ ನಿಯಂತ್ರಣವೆಂದರೆ ಬಾಗಿಲ ನಿಯಂತ್ರಣ ಎಂಬ ಭಾವನೆ ಪಠ್ಯಪುಸ್ತಕಗಳಲ್ಲಿ ಬೇರೂರಿತು.

ಬಾಗಿಲು ದಾಟಿ ಒಳಹೋಗುವವನು ಯಾರು? ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಹಿಂದೆ ಮಠ, ಬಸದಿಗಳಲ್ಲಿ ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರನ ಕೆಲಸವೇ ಇದರದ್ದು. ಡಿಎನ್‌ಎಯ ಎರಡೆಳೆಗಳನ್ನು ಬಿಡಿಸಿ, ಒಂದೆಳೆಯ ಅಕ್ಷರಗಳನ್ನು ಒಂದೊಂದಾಗಿ ಓದುತ್ತ, ಅದಕ್ಕೆ ಹೊಂದುವ ಆರ್‌ಎನ್‌ಎ ನಕಲನ್ನು ಹೊಸೆಯುತ್ತ ಮುಂದೆ ಸಾಗುತ್ತದೆ. ಈ ನಕಲಿನ ಕೆಲಸಕ್ಕೆ ‘ಪ್ರತಿಲೇಖನ’ ಎಂದು ಹೆಸರು. ಅದರಲ್ಲಿ ಮೂರು ಘಟ್ಟಗಳು: ಆರಂಭ, ಎಳೆ ಉದ್ದವಾಗುವ ನಡುಘಟ್ಟ, ಕೊನೆಗೆ ಮುಕ್ತಾಯ. ನಡುಘಟ್ಟ ಕೆಲವೊಮ್ಮೆ ಬಹಳ ದೀರ್ಘ. ಮನುಷ್ಯನ ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೊಟೀನಿನ ಜೀನು 20 ಲಕ್ಷಕ್ಕೂ ಹೆಚ್ಚು ಅಕ್ಷರಗಳಷ್ಟು ಉದ್ದವಿದ್ದು, ಅದನ್ನು ಒಮ್ಮೆ ನಕಲು ಮಾಡಲು ಸುಮಾರು 16 ಗಂಟೆ ಹಿಡಿಯುತ್ತದೆಂದು 1995ರಲ್ಲಿ ಅಳೆದಿದ್ದಾರೆ. ಇನ್ನೊಂದು ಸಂಗತಿ: ನಡುವೆ ಡಿಎನ್‌ಎಯಿಂದ ಜಾರಿದ ಪಾಲಿಮರೇಸ್ ಬಿಟ್ಟ ಸಾಲಿನಿಂದ ಮುಂದುವರಿಸಲಾರದು. ಮತ್ತೆ ಮೊದಲ ಅಕ್ಷರದಿಂದಲೇ ಆರಂಭಿಸಬೇಕು.

ಇಷ್ಟು ದೀರ್ಘವೂ ಅಪಾಯದ್ದೂ ಆದ ದಾರಿಯಲ್ಲಿ ಹತೋಟಿಯೆಂಬುದು ಬಾಗಿಲಲ್ಲಿ ಮಾತ್ರ ಇದ್ದೀತೆ? ಈ ಸಂದೇಹಕ್ಕೆ ಮೊದಲ ಸಾಕ್ಷ್ಯ ದೊರೆತದ್ದೂ ಬ್ಯಾಕ್ಟೀರಿಯಗಳಲ್ಲೇ.

ಬ್ಯಾಕ್ಟೀರಿಯ ಕಲಿಸಿದ ಪಾಠ

ಇ. ಕೋಲಿಯನ್ನು ಮುತ್ತುವ ಲ್ಯಾಂಬ್ಡಾ ಎಂಬ ವೈರಸ್ಸಿದೆ. ಅದು ಒಳಹೊಕ್ಕ ಕೂಡಲೇ ಬ್ಯಾಕ್ಟೀರಿಯದ ಪಾಲಿಮರೇಸ್ ವೈರಸ್ಸಿನ ಜೀನುಗಳನ್ನು ನಕಲು ಮಾಡತೊಡಗುತ್ತದೆ. ಆದರೆ ಸ್ವಲ್ಪ ದೂರ ಸಾಗಿ ನಿಂತುಬಿಡುತ್ತದೆ. 1969ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜೆಫ್ರಿ ರಾಬರ್ಟ್ಸ್ ಈ ನಿಲುಗಡೆಗೆ ಕಾರಣವಾದ ‘ರೋ’ ಎಂಬ ಪ್ರೊಟೀನನ್ನು ಪತ್ತೆಹಚ್ಚಿದರು. ನಕಲಿನ ಕೆಲಸವನ್ನು ನಿಲ್ಲಿಸಿ ಲಿಪಿಕಾರನನ್ನು ಎಬ್ಬಿಸುವುದೇ ಅದರ ಕೆಲಸ. ಹಾಗಾದರೆ ವೈರಸ್ಸಿನ ಮುಂದಿನ ಜೀನುಗಳ ಗತಿಯೇನು? ನಿಲ್ಲುವ ಮುನ್ನ ನಕಲಾದ ಆ ತುಣುಕಿನಲ್ಲೇ ‘ಎನ್’ ಎಂಬ ಪ್ರೊಟೀನಿಗೆ ಸೂಚನೆ ಇರುತ್ತದೆ. ಹೀಗೆ ತಯಾರಾದ ಎನ್ ಪ್ರೊಟೀನು ಮುಂದೆ ಬರುವ ಪಾಲಿಮರೇಸಿನ ಬೆನ್ನೇರಿ ಕೂರುತ್ತದೆ. ಅಲ್ಲಿಂದ ಮುಂದೆ ಆ ಪಾಲಿಮರೇಸ್ ನಿಲುಗಡೆಯ ಸಂಜ್ಞೆಗಳನ್ನು ಲೆಕ್ಕಿಸದೆ ಸಾಗುತ್ತದೆ. ಬಾಗಿಲು ತೆರೆದೇ ಇತ್ತು. ತೀರ್ಮಾನವಾದದ್ದು ದಾರಿಯ ಮೇಲೆ.

ಇದು ವೈರಸ್ಸಿನ ಕುಯುಕ್ತಿ, ಜೀವಕೋಶದ ಸಹಜ ರೀತಿಯಲ್ಲ ಎಂದು ತಳ್ಳಿಹಾಕಬಹುದಿತ್ತು. ಅದಕ್ಕೆ ಅವಕಾಶ ಕೊಡದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಯಾನೋಫ್‌ಸ್ಕಿ. ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯದ ಜೀನುಗಳು ಅವರ ಜೀವಮಾನದ ಅಧ್ಯಯನದ ವಿಷಯ. ಈ ಜೀನುಗಳಿಗೂ ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಆದರೆ 1973ರಲ್ಲಿ ಯಾನೋಫ್‌ಸ್ಕಿ ಮತ್ತು ಅವರ ಸಹೋದ್ಯೋಗಿ ಒಂದು ವಿಚಿತ್ರ ಗಮನಿಸಿದರು. ಬಾಗಿಲಿಗೂ ಮೊದಲ ಜೀನಿಗೂ ನಡುವೆ ನಿರುಪಯೋಗಿಯೆಂದು ತೋರುವ ಒಂದು ತುಂಡಿತ್ತು. ಅದನ್ನು ಕಳೆದುಕೊಂಡ ಬ್ಯಾಕ್ಟೀರಿಯಗಳಲ್ಲಿ ಜೀನುಗಳ ಕೆಲಸ ಕುಗ್ಗುವುದಿರಲಿ, ಹೆಚ್ಚಿತು! ಆ ತುಂಡಿನಲ್ಲಿ ಏನೋ ಒಂದು ಅಡ್ಡಿ ಇದ್ದಿರಲೇಬೇಕು.

ಮುಂದಿನ ಹಲವು ವರ್ಷಗಳ ದುಡಿಮೆಯಿಂದ ಹೊರಬಂದ ಚಿತ್ರ ಬೆರಗು ಹುಟ್ಟಿಸುವಂಥದು. ಬ್ಯಾಕ್ಟೀರಿಯದಲ್ಲಿ ಕೋಶಕೇಂದ್ರವಿಲ್ಲ. ಆದ್ದರಿಂದ ಪಾಲಿಮರೇಸ್ ನಕಲು ಮಾಡುತ್ತಿರುವಾಗಲೇ, ಅದರ ಹಿಂದೆಯೇ ಪ್ರೊಟೀನು ತಯಾರಿಸುವ ರೈಬೊಸೋಮು ನಕಲನ್ನು ಓದುತ್ತ ಬರುತ್ತದೆ. ಆ ತುಂಡಿನಲ್ಲಿ ಕೇವಲ 14 ಅಮೈನೊ ಆಮ್ಲಗಳ ಒಂದು ಪುಟ್ಟ ಸಂದೇಶವಿದ್ದು, ಅದರಲ್ಲಿ ಎರಡು ಟ್ರಿಪ್ಟೊಫಾನ್‌ಗಳು ಒತ್ತಟ್ಟಿಗೆ ಬರುತ್ತವೆ. ಕೋಶದಲ್ಲಿ ಟ್ರಿಪ್ಟೊಫಾನ್ ಧಾರಾಳವಾಗಿದ್ದರೆ ರೈಬೊಸೋಮು ಸರಾಗವಾಗಿ ಓದಿ ಮುಂದೆ ಸರಿಯುತ್ತದೆ. ಆಗ ಆರ್‌ಎನ್‌ಎ ಎಳೆ ಕೂದಲಿನ ಪಿನ್ನಿನಂತೆ ಮಡಚಿಕೊಂಡು ಪಾಲಿಮರೇಸನ್ನು ಕಳಚಿ ಬೀಳಿಸುತ್ತದೆ. ಅಮೈನೊ ಆಮ್ಲದ ಕೊರತೆ ಇದ್ದರೆ ರೈಬೊಸೋಮು ಆ ಎರಡು ಪದಗಳ ಬಳಿ ತಡವರಿಸುತ್ತದೆ. ಎಳೆ ಬೇರೊಂದು ರೀತಿಯಲ್ಲಿ ಮಡಚಿಕೊಂಡು ಪಾಲಿಮರೇಸಿಗೆ ದಾರಿ ಬಿಡುತ್ತದೆ. ಉಗ್ರಾಣ ತುಂಬಿದೆಯೇ ಬರಿದಾಗಿದೆಯೇ ಎಂಬುದನ್ನು ನಕಲಿನ ನಡುವೆಯೇ ಪರೀಕ್ಷಿಸುವ ಏರ್ಪಾಡು ಇದು. ಬಾಗಿಲ ಕಾವಲು ಮತ್ತು ದಾರಿಯ ತಡೆ ಎರಡೂ ಸೇರಿ ಈ ಜೀನುಗಳ ಕೆಲಸವನ್ನು ಹಲವು ನೂರು ಪಟ್ಟು ಏರಿಳಿಸಬಲ್ಲವು.

ಆದರೂ ಮನುಷ್ಯನಂಥ ಮೇಲ್ವರ್ಗದ ಜೀವಿಗಳಿಗೆ ಈ ಪಾಠ ಅನ್ವಯಿಸುವಂತೆ ಕಾಣಲಿಲ್ಲ. ನಮ್ಮ ಜೀವಕೋಶಗಳಲ್ಲಿ ನಕಲು ನಡೆಯುವುದು ಕೋಶಕೇಂದ್ರದ ಒಳಗೆ, ಪ್ರೊಟೀನು ತಯಾರಾಗುವುದು ಹೊರಗೆ. ಪಾಲಿಮರೇಸಿನ ಬೆನ್ನ ಹಿಂದೆ ರೈಬೊಸೋಮು ಬರುವ ಮಾತೇ ಇಲ್ಲ. ಹಾಗಿದ್ದ ಮೇಲೆ ನಡುದಾರಿಯಲ್ಲಿ ತಡೆಯುವವರು ಯಾರು?

ಬಿಸಿ ತಾಗಿದ ನೊಣ

ಸುಳಿವು ಕೊಟ್ಟದ್ದು ಹಳೆಯದೊಂದು ರಾಸಾಯನಿಕ. 1950ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಈಗರ್ ಟ್ಯಾಮ್, ಫ್ಲೂ ವೈರಸ್ಸನ್ನು ಹತ್ತಿಕ್ಕುವ ಔಷಧ ಹುಡುಕುತ್ತ ‘ಡಿಆರ್‌ಬಿ’ ಎಂಬ ಸಂಯುಕ್ತವನ್ನು ಪರೀಕ್ಷಿಸಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಟ್ಯಾಮ್, ಪಿ.ಬಿ. ಸೆಹಗಲ್, ಜೇಮ್ಸ್ ಡಾರ್ನೆಲ್ ಮೊದಲಾದವರು ಇದನ್ನು ಮನುಷ್ಯನ ಜೀವಕೋಶಗಳ ಮೇಲೆ ಪ್ರಯೋಗಿಸಿದಾಗ ಉದ್ದನೆಯ ಆರ್‌ಎನ್‌ಎ ಎಳೆಗಳು ನಿಂತುಹೋದವು, ಆದರೆ ಗಿಡ್ಡ ತುಣುಕುಗಳು ಬರುತ್ತಲೇ ಇದ್ದವು. ಪಾಲಿಮರೇಸ್ ಹೊರಡುತ್ತಿದೆ, ಮುಂದೆ ಹೋಗುತ್ತಿಲ್ಲ. ಅಂದರೆ ಆರಂಭದ ಬಳಿಕ ಮುಂದುವರಿಯಲು ಮತ್ತೊಂದು ಅಪ್ಪಣೆ ಬೇಕು. ಡಿಆರ್‌ಬಿ ಆ ಅಪ್ಪಣೆಯನ್ನು ತಡೆಯುತ್ತಿದೆ. ಅಪ್ಪಣೆ ಕೊಡುವವರು ಯಾರೆಂಬುದು ಮಾತ್ರ ತಿಳಿಯಲಿಲ್ಲ.

ಈ ನಡುವೆ ಸಾಕ್ಷ್ಯ ಬಂದದ್ದು ಹಣ್ಣಿನ ನೊಣದಿಂದ. ಇಟಲಿಯ ಫೆರುಚಿಯೊ ರಿಟೋಸಾ ಈ ನೊಣದ ಮರಿಹುಳುಗಳನ್ನು ಸಾಕುತ್ತಿದ್ದಾಗ, ಸಹೋದ್ಯೋಗಿಯೊಬ್ಬರು ಅರಿಯದೆ ಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳ ಕೆಲವು ಜಾಗಗಳು ಹೊಸದಾಗಿ ಉಬ್ಬಿಕೊಂಡಿದ್ದವು. ಬಿಸಿ ತಾಗಿದ ಕೆಲವೇ ನಿಮಿಷಗಳಲ್ಲಿ ಅಲ್ಲಿನ ಜೀನುಗಳು ಎಚ್ಚೆತ್ತಿದ್ದವು. 1962ರಲ್ಲಿ ಪ್ರಕಟವಾದ ಈ ಶೋಧ ಆಗ ಹೆಚ್ಚು ಸದ್ದು ಮಾಡಲಿಲ್ಲ. ಬಿಸಿಯಿಂದ ಹಾಳಾಗುವ ಪ್ರೊಟೀನುಗಳನ್ನು ಕಾಪಾಡುವ ‘ಉಷ್ಣಾಘಾತ ಪ್ರೊಟೀನು’ಗಳ ಜೀನುಗಳು ಅವು ಎಂದು ಮುಂದೆ ತಿಳಿಯಿತು.

ಇಷ್ಟು ಬೇಗ ಹೇಗೆ ಎಚ್ಚರಾಗುತ್ತವೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಲಿಸ್ ಮತ್ತು ಡೇವಿಡ್ ಗಿಲ್ಮೋರ್ ಒಂದು ಉಪಾಯ ಮಾಡಿದರು. ಜೀವಂತ ಕೋಶಗಳ ಮೇಲೆ ನೇರಳಾತೀತ ಬೆಳಕು ಹಾಯಿಸಿದರೆ ಪ್ರೊಟೀನುಗಳು ಆ ಕ್ಷಣ ಡಿಎನ್‌ಎಯ ಯಾವ ಜಾಗದಲ್ಲಿದ್ದವೋ ಅಲ್ಲಿಯೇ ಅಂಟಿಕೊಳ್ಳುತ್ತವೆ. ಬಿಸಿ ತಾಗದ ಕೋಶಗಳಲ್ಲಿ ಈ ಜೀನಿನ ಮೇಲೆ ಪಾಲಿಮರೇಸ್ ಇರುವುದಿಲ್ಲ ಎಂಬುದೇ ಎಲ್ಲರ ನಿರೀಕ್ಷೆ. 1986ರಲ್ಲಿ ಅವರು ವರದಿ ಮಾಡಿದ್ದು ಬೇರೆ: ಪಾಲಿಮರೇಸ್ ಆಗಲೇ ಅಲ್ಲಿತ್ತು! ಬಾಗಿಲ ಹೊರಗೆ ಸುಮ್ಮನೆ ಕೂತಿದೆಯೋ, ಒಳಹೊಕ್ಕು ಕೆಲಸ ಶುರು ಮಾಡಿದೆಯೋ? 1988ರಲ್ಲಿ ಆನ್ ರೂಗ್ವಿ ಮತ್ತು ಲಿಸ್ ಇದಕ್ಕೂ ಉತ್ತರ ಕೊಟ್ಟರು. ಪಾಲಿಮರೇಸ್ ಹೊಸ್ತಿಲು ದಾಟಿ, ಗಿಡ್ಡದೊಂದು ಎಳೆಯನ್ನು ಹೊಸೆದು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿತ್ತು. ನಿಂತ ಜಾಗ ಆರಂಭದಿಂದ ಸುಮಾರು 20ರಿಂದ 40 ಅಕ್ಷರಗಳಷ್ಟು ದೂರ ಎಂದು ಮುಂದೆ ಅಳೆಯಲಾಯಿತು. ನಿಲ್ದಾಣದಿಂದ ಹೊರಟ ಬಸ್ಸು ಗೇಟಿನ ಬಳಿ ಎಂಜಿನ್ ಚಾಲೂ ಇಟ್ಟುಕೊಂಡೇ ಕಂಡಕ್ಟರನ ಸೀಟಿಗಾಗಿ ಕಾಯುವಂತೆ ಅದು ಕಾಯುತ್ತಿತ್ತು. ಬಿಸಿ ತಾಗುವುದೇ ಆ ಸೀಟಿ.

1986ರಲ್ಲೇ ಡೇವಿಡ್ ಬೆಂಟ್ಲಿ ಮತ್ತು ಮಾರ್ಕ್ ಗ್ರೌಡಿನ್, ಮನುಷ್ಯನ ರಕ್ತದ ಕ್ಯಾನ್ಸರ್ ಕೋಶಗಳಲ್ಲಿ ಇಂಥದೇ ತಡೆಯನ್ನು ಕಂಡರು. ಕೋಶಗಳ ವೃದ್ಧಿಯನ್ನು ಪ್ರಚೋದಿಸುವ ‘ಮಿಕ್’ ಎಂಬ ಜೀನು, ಆ ಕೋಶಗಳು ಬಲಿತು ಪ್ರೌಢವಾದಾಗ ತಣ್ಣಗಾಗುತ್ತದೆ. ಅದಕ್ಕೆ ಮುಖ್ಯ ಕಾರಣ ಪಾಲಿಮರೇಸ್ ನಡುದಾರಿಯಲ್ಲಿ ತಡೆಯಲ್ಪಡುವುದು ಎಂದು ಅವರು ತೋರಿಸಿದರು. ಈಗ ಇದು ನೊಣದ ವಿಚಿತ್ರವೆಂದು ಹೇಳುವಂತಿರಲಿಲ್ಲ.

ಏಡ್ಸ್ ವೈರಸ್ಸಿನ ಕೀಲಿಕೈ

ಆ ಹೊತ್ತಿಗೆ ಜಗತ್ತು ಏಡ್ಸ್‌ನ ಭೀತಿಯಲ್ಲಿತ್ತು. 1983ರಲ್ಲಿ ಪತ್ತೆಯಾದ ಎಚ್‌ಐವಿ ತನ್ನ ಜೀನುಗಳನ್ನು ಮನುಷ್ಯನ ಡಿಎನ್‌ಎ ಒಳಗೇ ಸೇರಿಸಿಬಿಡುತ್ತದೆ. ನಂತರ ಅದನ್ನು ನಕಲು ಮಾಡುವುದು ನಮ್ಮದೇ ಪಾಲಿಮರೇಸ್. ವೈರಸ್ಸಿನ ‘ಟ್ಯಾಟ್’ ಎಂಬ ಪುಟ್ಟ ಪ್ರೊಟೀನು ಇಲ್ಲದಿದ್ದರೆ ಈ ಕೆಲಸ ಬಹುತೇಕ ನಡೆಯದು. 1987ರಲ್ಲಿ ಕ್ಯಾಲಿಫೋರ್ನಿಯದ ಮಾಟಿಯಾ ಪೀಟರ್ಲಿನ್ ತಂಡ, ಟ್ಯಾಟ್ ಇಲ್ಲದಾಗ ಪಾಲಿಮರೇಸ್ ಹೊರಟು ಸ್ವಲ್ಪದರಲ್ಲೇ ಮುಗ್ಗರಿಸುತ್ತದೆ, ಟ್ಯಾಟ್ ಇದ್ದಾಗ ಕೊನೆಯ ತನಕ ಸಾಗುತ್ತದೆ ಎಂದು ತೋರಿಸಿತು. ಲ್ಯಾಂಬ್ಡಾ ವೈರಸ್ಸಿನ ಎನ್ ಪ್ರೊಟೀನು ಬ್ಯಾಕ್ಟೀರಿಯದಲ್ಲಿ ಮಾಡುತ್ತಿದ್ದುದನ್ನೇ ನೆನಪಿಸುವ ಕೆಲಸ ಇದು.

ಟ್ಯಾಟ್‌ಗೆ ಈ ಶಕ್ತಿ ಬಂದದ್ದೆಲ್ಲಿಂದ? ಉತ್ತರ ಏಡ್ಸ್ ಪ್ರಯೋಗಾಲಯದಿಂದ ಬರಲಿಲ್ಲ. ಅಯೋವಾ ವಿಶ್ವವಿದ್ಯಾಲಯದ ಡೇವಿಡ್ ಪ್ರೈಸ್ ನೊಣದ ಕೋಶಗಳ ಸಾರವನ್ನು ಸೋಸಿ ಸೋಸಿ, ಪಾಲಿಮರೇಸಿಗೆ ಮುಂದುವರಿಯಲು ಅಪ್ಪಣೆ ಕೊಡುವ ವಸ್ತುವನ್ನು ಹುಡುಕುತ್ತಿದ್ದರು. 1995ರಲ್ಲಿ ಅದು ಶುದ್ಧರೂಪದಲ್ಲಿ ಸಿಕ್ಕಿತು. ‘ಪಿ-ಟೆಫ್‌ಬಿ’ ಎಂದು ಅದಕ್ಕೆ ಹೆಸರಾಯಿತು. ಪ್ರೊಟೀನುಗಳಿಗೆ ರಂಜಕದ ಗುಂಪುಗಳನ್ನು, ಅಂದರೆ ಫಾಸ್ಫೇಟನ್ನು, ಅಂಟಿಸುವ ಕಿಣ್ವ ಅದು. ಡಿಆರ್‌ಬಿ ಕಟ್ಟಿಹಾಕುತ್ತಿದ್ದುದು ಇದನ್ನೇ. ಸೀಟಿ ಊದುವ ಕಂಡಕ್ಟರ್ ಕೊನೆಗೂ ಸಿಕ್ಕಿದ್ದ. 1997–98ರ ಹೊತ್ತಿಗೆ ಟ್ಯಾಟ್‌ನ ಗುಟ್ಟೂ ಬಯಲಾಯಿತು: ಮನುಷ್ಯನ ಕೋಶದಲ್ಲಿರುವ ಇದೇ ಪಿ-ಟೆಫ್‌ಬಿಯನ್ನು ಅದು ಎಳೆದು ತಂದು ವೈರಸ್ಸಿನ ಜೀನುಗಳ ಬಳಿ ನಿಲ್ಲಿಸುತ್ತದೆ.

ಅಪ್ಪಣೆ ಕೊಡುವವನಿದ್ದರೆ ತಡೆಹಿಡಿಯುವವನೂ ಇರಬೇಕು. ಜಪಾನಿನ ಹಿರೋಷಿ ಹಂಡಾ ತಂಡ 1998 ಮತ್ತು 1999ರಲ್ಲಿ ಅಂಥ ಎರಡು ಪ್ರೊಟೀನು ಗುಂಪುಗಳನ್ನು ಪತ್ತೆ ಮಾಡಿತು: ಒಂದು ‘ಡಿಎಸ್‌ಐಎಫ್’, ಇನ್ನೊಂದು ‘ನೆಲ್ಫ್’. ಎರಡೂ ಕೂಡಿ ಪಾಲಿಮರೇಸನ್ನು ಹಿಡಿದು ನಿಲ್ಲಿಸುತ್ತವೆ. ಪಿ-ಟೆಫ್‌ಬಿ ಬಂದು ಫಾಸ್ಫೇಟ್ ಅಂಟಿಸಿದ ಕೂಡಲೇ ನೆಲ್ಫ್ ಕಳಚಿ ಬೀಳುತ್ತದೆ. ಡಿಎಸ್‌ಐಎಫ್ ಮಾತ್ರ ಪಕ್ಷ ಬದಲಿಸಿ, ತಡೆಯುವ ಬದಲು ಮುಂದಕ್ಕೆ ದೂಡುವ ಜೊತೆಗಾರನಾಗುತ್ತದೆ. 2001ರಲ್ಲಿ ಮತ್ತೊಂದು ಕೊಂಡಿ ಸಿಕ್ಕಿತು. ‘7ಎಸ್‌ಕೆ’ ಎಂಬ ಆರ್‌ಎನ್‌ಎ ಕೋಶಕೇಂದ್ರದಲ್ಲಿ ಹೇರಳವಾಗಿದ್ದರೂ ಅದರ ಕೆಲಸವೇನೆಂದು ದಶಕಗಳ ಕಾಲ ಗೊತ್ತಿರಲಿಲ್ಲ. ಪಿ-ಟೆಫ್‌ಬಿಯನ್ನು ಬಂಧನದಲ್ಲಿಟ್ಟು, ಬೇಕಾದಾಗ ಬಿಡುಗಡೆ ಮಾಡುವುದು ಅದರ ಕೆಲಸವೆಂದು ಅಮೆರಿಕ ಮತ್ತು ಫ್ರಾನ್ಸಿನ ಎರಡು ತಂಡಗಳು ಏಕಕಾಲಕ್ಕೆ ಪ್ರಕಟಿಸಿದವು.

ಭಾರತದ ಕಾಡಿನ ಮರವೊಂದು ಈ ಕಥೆಯೊಳಗೆ ಬರುವುದು ಇಲ್ಲಿ. ಬೇವಿನ ಕುಟುಂಬಕ್ಕೆ ಸೇರಿದ, ಪಶ್ಚಿಮಘಟ್ಟದಲ್ಲೂ ಬೆಳೆಯುವ ಡೈಸೊಕ್ಸಿಲಮ್ ಬೈನೆಕ್ಟಾರಿಫೆರಮ್ ಎಂಬ ಮರದ ತೊಗಟೆಯಲ್ಲಿ ‘ರೋಹಿಟುಕೀನ್’ ಎಂಬ ಸಂಯುಕ್ತವಿದೆ. 1980ರ ದಶಕದಲ್ಲಿ ಮುಂಬಯಿಯಲ್ಲಿದ್ದ ಹೆಕ್ಸ್ಟ್ ಕಂಪನಿಯ ಸಂಶೋಧನಾ ಕೇಂದ್ರದ ರಸಾಯನವಿಜ್ಞಾನಿಗಳು ಅದನ್ನು ಅಭ್ಯಸಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು ‘ಫ್ಲೇವೊಪಿರಿಡಾಲ್’ ಎಂಬ ಔಷಧ ರೂಪುಗೊಂಡಿತು. ಈ ಔಷಧ ಪಿ-ಟೆಫ್‌ಬಿಯನ್ನು ಅತ್ಯಂತ ಬಲವಾಗಿ ತಡೆಯುತ್ತದೆ, ಪ್ರಯೋಗಾಲಯದ ಕೋಶಗಳಲ್ಲಿ ಎಚ್‌ಐವಿಯ ವೃದ್ಧಿಯನ್ನೂ ನಿಲ್ಲಿಸುತ್ತದೆ ಎಂದು 2000ದಲ್ಲಿ ಪ್ರೈಸ್ ತಂಡ ತೋರಿಸಿತು. ರಕ್ತದ ಕ್ಯಾನ್ಸರಿನ ರೋಗಿಗಳ ಮೇಲೂ ಅದರ ಪರೀಕ್ಷೆಗಳು ನಡೆದಿವೆ. ಮರದ ಒಳಗೆ ವಾಸಿಸುವ ಒಂದು ಶಿಲೀಂಧ್ರವೂ ರೋಹಿಟುಕೀನನ್ನು ತಯಾರಿಸಬಲ್ಲದೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನೊಳಗೊಂಡ ತಂಡ 2012ರಲ್ಲಿ ವರದಿ ಮಾಡಿತು. ಮರ ಕಡಿಯದೆ ಔಷಧದ ಮೂಲ ದೊರೆಯುವ ಸಾಧ್ಯತೆಯನ್ನು ಅದು ತೋರಿಸಿತು.

ನಿಲ್ಲುವುದೇ ನಿಯಮ

ಇಷ್ಟಾದರೂ ಇವೆಲ್ಲ ಕೆಲವೇ ಜೀನುಗಳ ವಿಶೇಷ ಎಂಬ ಅನಿಸಿಕೆ ಅಳಿದಿರಲಿಲ್ಲ. ಅದನ್ನು ಅಳಿಸಿದ್ದು ಇಡೀ ಡಿಎನ್‌ಎಯನ್ನು ಒಟ್ಟಿಗೆ ಪರೀಕ್ಷಿಸುವ ಹೊಸ ವಿಧಾನಗಳು. 2007ರಲ್ಲಿ ನೊಣದಲ್ಲೂ ಮನುಷ್ಯನ ಕೋಶಗಳಲ್ಲೂ ಹಲವು ತಂಡಗಳು ನಡೆಸಿದ ಶೋಧಗಳು, 2008ರಲ್ಲಿ ಲಿಸ್ ತಂಡದ ಹೊಸ ಅಳತೆ, ಎಲ್ಲವೂ ಒಂದೇ ಮಾತು ಹೇಳಿದವು. ಸಾವಿರಾರು ಜೀನುಗಳ ಆರಂಭದಲ್ಲಿ ಪಾಲಿಮರೇಸ್ ಹೊಸ್ತಿಲು ದಾಟಿ ನಿಂತಿದೆ. ಅಪವಾದವೆಂದು ತಿಳಿದದ್ದು ನಿಯಮವೇ ಆಗಿತ್ತು.

ಹೊರಟವನನ್ನು ಹೀಗೆ ನಿಲ್ಲಿಸುವುದರಿಂದ ಜೀವಕೋಶಕ್ಕೇನು ಲಾಭ? ಮೊದಲನೆಯದು ಸನ್ನದ್ಧತೆ. ಬಿಸಿ, ಗಾಯ, ಸೋಂಕು ಎದುರಾದಾಗ ಹೊಸದಾಗಿ ಲಿಪಿಕಾರನನ್ನು ಹುಡುಕಿ ಕರೆತರುವಷ್ಟು ವ್ಯವಧಾನ ಇರುವುದಿಲ್ಲ. ಎರಡನೆಯದು ಏಕಕಾಲಿಕತೆ. ಭ್ರೂಣ ಬೆಳೆಯುವಾಗ ಅಕ್ಕಪಕ್ಕದ ಕೋಶಗಳೆಲ್ಲ ಒಂದೇ ಹೊತ್ತಿಗೆ ಒಂದು ಜೀನನ್ನು ಓದಬೇಕಾಗುತ್ತದೆ. ನೊಣದ ಭ್ರೂಣದಲ್ಲಿ, ಪಾಲಿಮರೇಸ್ ಮೊದಲೇ ಕಾದು ನಿಂತಿರುವ ಜೀನುಗಳು ಹೆಚ್ಚು ಒಗ್ಗಟ್ಟಿನಿಂದ ಎಚ್ಚರಗೊಳ್ಳುತ್ತವೆ. ಮೂರನೆಯದು ಗುಣಪರೀಕ್ಷೆ. ಹೊಸ ಆರ್‌ಎನ್‌ಎ ಎಳೆಯ ತುದಿಗೆ ರಕ್ಷಣೆಯ ಒಂದು ಟೋಪಿ ತೊಡಿಸಲಾಗುವುದು ಅದು ಇಪ್ಪತ್ತು ಮೂವತ್ತು ಅಕ್ಷರ ಉದ್ದವಾದ ಹೊತ್ತಿಗೆ, ಅಂದರೆ ನಿಲುಗಡೆಯ ಆಸುಪಾಸಿನಲ್ಲೇ.

ಈ ಏರ್ಪಾಡು ಕೆಟ್ಟರೆ ಆಪತ್ತು. ಕೆಲವು ಬಗೆಯ ರಕ್ತದ ಕ್ಯಾನ್ಸರುಗಳಲ್ಲಿ ವರ್ಣತಂತುಗಳು ಮುರಿದು ತಪ್ಪಾಗಿ ಬೆಸೆದುಕೊಂಡಿರುತ್ತವೆ. ಹಾಗೆ ಬೆಸೆದುಕೊಳ್ಳುವ ‘ಎಲ್’ ಎಂಬ ಜೀನಿನ ಪ್ರೊಟೀನು ಪಾಲಿಮರೇಸಿನ ವೇಗ ಹೆಚ್ಚಿಸುವಂಥದು ಎಂದು 1996ರಲ್ಲಿ ತಿಳಿಯಿತು. ಕ್ಯಾನ್ಸರ್ ಎಂದರೆ ಬಾಗಿಲು ತೆರೆದಿಟ್ಟ ಜೀನು ಮಾತ್ರವಲ್ಲ, ತಡೆಯಿಲ್ಲದೆ ಓಡುವ ಲಿಪಿಕಾರನೂ ಆಗಬಹುದು. ಹಾಗೆಂದು ಪಿ-ಟೆಫ್‌ಬಿಯನ್ನು ಕಟ್ಟಿಹಾಕುವ ಔಷಧ ಸುಲಭದ ಪರಿಹಾರವಲ್ಲ. ಆರೋಗ್ಯವಂತ ಕೋಶಗಳಿಗೂ ಅದೇ ಅಪ್ಪಣೆ ಬೇಕಲ್ಲ!

ಈ ಇತಿಹಾಸದ ಅತ್ಯಂತ ಕಠಿಣ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಜಗತ್ತಿನಲ್ಲಿ ಸುಮಾರು ನಾಲ್ಕು ಕೋಟಿ ಜನ, ಭಾರತದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಈಗಿನ ಔಷಧಗಳು ವೈರಸ್ಸನ್ನು ಹತ್ತಿಕ್ಕುತ್ತವೆ, ರೋಗಿಗೆ ದೀರ್ಘಾಯುಷ್ಯ ಕೊಡುತ್ತವೆ. ಆದರೆ ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ಸು ಮರಳುತ್ತದೆ. ಕಾರಣ, ರಕ್ತದ ಕೆಲವು ಬಿಳಿಕೋಶಗಳು ವಿಶ್ರಾಂತಿಗೆ ಜಾರಿದಾಗ ಅವುಗಳಲ್ಲಿ ಪಿ-ಟೆಫ್‌ಬಿ ಕಡಿಮೆಯಾಗಿರುತ್ತದೆ. ಅವುಗಳ ಡಿಎನ್‌ಎಯಲ್ಲಿ ಸೇರಿಕೊಂಡ ವೈರಸ್ಸು ಟ್ಯಾಟ್ ತಯಾರಿಸಲಾರದೆ, ನಕಲಾಗದೆ ಮಲಗಿಬಿಡುತ್ತದೆ. ಔಷಧಕ್ಕೂ ದೇಹದ ರಕ್ಷಣಾ ಪಡೆಗೂ ಅದು ಕಾಣುವುದಿಲ್ಲ. ಕೋಶ ಎಚ್ಚೆತ್ತ ದಿನ ವೈರಸ್ಸೂ ಎದ್ದು ಕೂರುತ್ತದೆ. ಪಿ-ಟೆಫ್‌ಬಿಯನ್ನು ಬಿಡುಗಡೆ ಮಾಡಿ ಅಡಗಿದ ವೈರಸ್ಸನ್ನು ಹೊರಗೆಳೆದು ಕೊಲ್ಲಬೇಕೆಂದು ಒಂದು ಬಣ ಯತ್ನಿಸುತ್ತಿದೆ. ಟ್ಯಾಟನ್ನು ಕಟ್ಟಿಹಾಕಿ ವೈರಸ್ಸು ಎಂದೆಂದೂ ಏಳದಂತೆ ಬೀಗ ಜಡಿಯಬೇಕೆಂದು ಇನ್ನೊಂದು ಬಣ ಹೇಳುತ್ತಿದೆ. ಎರಡೂ ಪ್ರಯೋಗದ ಹಂತದಲ್ಲೇ ಇವೆ.

ಜಾಕೋಬ್ ಮತ್ತು ಮೊನೊ ಹೇಳಿದ ಬಾಗಿಲು ಸುಳ್ಳಾಗಲಿಲ್ಲ. ಅದರಾಚೆ ಇನ್ನೊಂದು ಕಟ್ಟೆಯಿದೆ ಎಂಬುದಷ್ಟೇ ಹೊಸದಾಗಿ ತಿಳಿದದ್ದು. ಆ ಕಟ್ಟೆಯನ್ನು ಗುರುತಿಸಿದವರಲ್ಲಿ ಹೆಚ್ಚಿನವರು ಏಡ್ಸ್‌ಗೋ ಕ್ಯಾನ್ಸರಿಗೋ ಮದ್ದು ಹುಡುಕಲು ಹೊರಟವರಲ್ಲ. ಬ್ಯಾಕ್ಟೀರಿಯದ ಒಂದು ಅಮೈನೊ ಆಮ್ಲದ ಲೆಕ್ಕ, ನೊಣಕ್ಕೆ ತಾಗಿದ ಬಿಸಿ, ಹಳೆಯ ಫ್ಲೂ ಔಷಧದ ಗಿಡ್ಡ ತುಣುಕುಗಳು ಇಂಥ ಸಣ್ಣ ಸಂಗತಿಗಳ ಹಿಂದೆ ಅವರು ವರ್ಷಗಟ್ಟಲೆ ಬಿದ್ದಿದ್ದರು. ಏಡ್ಸ್ ವೈರಸ್ಸು ಅಡಗಿ ಕೂರುವ ಬಗೆಯನ್ನು ಇಂದು ವೈದ್ಯರು ಇಷ್ಟು ಸ್ಪಷ್ಟವಾಗಿ ವಿವರಿಸಬಲ್ಲರಾದರೆ, ಅದಕ್ಕೆ ತಳಹದಿ ಹಾಕಿದ್ದು ಆ ದುಡಿಮೆ.